ಕೊಂಬು, ದುಡಿ ಮತ್ತು ಹಾಡು

ಕೊಡಗಿನ ಮಡಿಕೇರಿಯ ವಾಯವ್ಯಕ್ಕೆ, ಘಟ್ಟದ ಅಂಚಿನಲ್ಲಿರುವ ಗಾಳಿಬೀಡಿನಲ್ಲಿಯೂ ಅದರ ನೆರೆಯ ಗ್ರಾಮಗಳಲ್ಲಿಯೂ, ಮನೆ ಕೊಡವರದಾಗಲಿ ಅರೆಭಾಷೆ ಗೌಡರದಾಗಲಿ, ಮದುವೆಯೆಂದ ಮೇಲೆ ವಾಲಗವಿರಲೇಬೇಕು. ಸುಗ್ಗಿಯ ಹಬ್ಬವಾದ ಹುತ್ತರಿಯ ಕದಿರು ಮನೆಗೆ ಬಂದ ಬಳಿಕ ಊರ ಬಯಲಾದ ಮಂದಿನಲ್ಲಿ ಕೋಲಾಟ ನಡೆಯುವಾಗ ಕೊಂಬು ಕೊಟ್ಟುಗಳ ಧ್ವನಿ ಬೆಟ್ಟದಿಂದ ಬೆಟ್ಟಕ್ಕೆ ಮುಟ್ಟಬೇಕು. ಲೋಹವಾದ್ಯವೂ ಚರ್ಮವಾದ್ಯವೂ ಇಷ್ಟು ಪ್ರಾಚೀನ ಕಾಲದಿಂದ ಜನಜೀವನದಲ್ಲಿ ನೆಲೆಗೊಂಡಿದ್ದರೂ, ಈ ನಾಡಿನ ಕಥನಗೀತೆ ಮಾತ್ರ ಕೊಂಬಿನ ಆಶ್ರಯವನ್ನು ಬೇಡಲಿಲ್ಲ. ಅದರ ಕಾರಣ ವಿಚಾರಾರ್ಹವಾದುದು.

ಇಂಗ್ಲೆಂಡಿನಲ್ಲಿ ನಡೆದುದು ಬೇರೆ. 1903ರಲ್ಲಿ ಸಾಮರ್ಸೆಟ್ ಪ್ರಾಂತದ ಹ್ಯಾಂಬ್ರಿಜ್ ಗ್ರಾಮದ ತೋಟಗಾರನೊಬ್ಬನು ಹಾಡಿಕೊಳ್ಳುತ್ತಿದ್ದ ಪದವೊಂದು ಸೆಸಿಲ್ ಶಾರ್ಪ್ ಎಂಬ ಸಂಗೀತಜ್ಞನ ಕಿವಿಗೆ ಬೀಳಲು, ಆತನು ಅದನ್ನು ಸ್ವರಲಿಪಿಯಲ್ಲಿ ಬರೆದುಕೊಂಡುದೇ ಸಹಸ್ರಾರು ಜನಪದಗೀತೆಗಳ ಸಂಗ್ರಹಕ್ಕೆ ನಾಂದಿಯಾಯಿತು. ಅಂತಹ ಧಾಟಿಗಳನ್ನು ಹೆಣೆದು ರಾಲ್ಫ್ ವಾನ್ ವಿಲಿಯಮ್ಸ್ ರಚಿಸಿದ ಮಾಲಿಕೆಯನ್ನು, 1923ರ ಜುಲೈ 4ರಂದು, ನೆಲ್ಲರ್ ಹಾಲಿನ ಸೈನಿಕ ಸಂಗೀತಶಾಲೆಯಲ್ಲಿ ಬ್ಯಾಂಡಿನವರು ನುಡಿಸಿದರು. ಮುಂದೆ ಅದು ಹಿತ್ತಾಳೆಯ ವಾದ್ಯತಂಡಗಳಿಗೂ ಅಳವಟ್ಟಿತು. ಧಾಟಿ ದೇಶದೇಶಾಂತರಗಳಲ್ಲಿ ಮೊಳಗಿತು. ಆದರೆ ತೋಟಗಾರನ ಬಾಯಲ್ಲಿದ್ದ ಕಥೆ ಹಿಂದೆಯೇ ಉಳಿಯಿತು.

ಇಂತಹ ಪರಿವರ್ತನೆಗೆ ಎಡೆಮಾಡಿಕೊಟ್ಟುದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯಲ್ಲಿ ಕಂಡುಹಿಡಿಯಲ್ಪಟ್ಟ ಕವಾಟವೆಂಬ ಸಣ್ಣ ಸಾಧನ. ಬೆರಳಿನ ಒಂದು ಒತ್ತಿಗೆ ನಳಿಗೆಯ ಉದ್ದವನ್ನು ಬದಲಿಸುವ ಈ ಉಪಾಯದಿಂದಾಗಿ ಹಿತ್ತಾಳೆಯ ವಾದ್ಯವು ಸಪ್ತಸ್ವರಗಳನ್ನಲ್ಲದೆ ಅವುಗಳ ನಡುವಣ ಸ್ವರಗಳನ್ನೂ ನುಡಿಯಬಲ್ಲುದಾಯಿತು. ನಮ್ಮ ಕೊಂಬಿಗೆ ಕವಾಟವಿಲ್ಲ, ರಂಧ್ರವೂ ಇಲ್ಲ. ಊದುವವನ ತುಟಿಯ ಬಿಗುಹಿನಿಂದಲೂ ಉಸಿರಿನ ವೇಗದಿಂದಲೂ ಹುಟ್ಟುವ ಕೆಲವೇ ಸ್ವರಗಳು ಅದರ ಸಂಪತ್ತು. ಕರೆಯಲು, ಸಾರಲು, ಕುಣಿತಕ್ಕೆ ಕಾವೇರಿಸಲು ಅಷ್ಟು ಸಾಕು. ಹಾಡಿನ ಏರಿಳಿತವನ್ನು ಹಿಂಬಾಲಿಸಲು ಸಾಲದು. ವಾಲಗದ ಪೀಪಿಗೆ ರಂಧ್ರಗಳಿದ್ದು ಧಾಟಿಗಳನ್ನು ಅದು ಲೀಲಾಜಾಲವಾಗಿ ನುಡಿಸುವುದಾದರೂ, ಅದು ಹಿಡಿದುದು ವಾಲಗತ್ತಾಟೆಂಬ ಕುಣಿತದ ಗತಿಯನ್ನಲ್ಲದೆ ಕಥೆಯ ಪದವನ್ನಲ್ಲ. ಮೈಸೂರಿನ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡಿನೊಡನೆ ಕರ್ನಾಟಕ ಬ್ಯಾಂಡೂ ಬೆಳೆದು ದೇಶೀಯ ಸಂಗೀತವನ್ನು ಪಾಶ್ಚಾತ್ಯ ವಾದ್ಯಗಳಿಗೆ ಒಗ್ಗಿಸಿತು. 1834ರಲ್ಲಿ ತನ್ನ ಅರಸನನ್ನು ಕಳೆದುಕೊಂಡು, 1956ರವರೆಗೆ ಮೈಸೂರಿನಿಂದ ಪ್ರತ್ಯೇಕವಾಗಿಯೇ ಉಳಿದ ಕೊಡಗಿಗೆ ಅಂತಹ ಆಸ್ಥಾನವೆಲ್ಲಿಯದು?

ಆದರೂ ಅದಕ್ಕಿಂತ ಬಲವಾದ ಕಾರಣವೊಂದು ಹಾಡಿನಲ್ಲಿಯೇ ಅಡಗಿದೆ. ನಾಲ್ವರು ಗಾಯಕರು ಕೈಯಲ್ಲಿ ದುಡಿಯೆಂಬ ಪುಟ್ಟ ಚರ್ಮವಾದ್ಯವನ್ನು ಹಿಡಿದು, ಇಬ್ಬರು ಎತ್ತಿಕೊಂಡ ಸಾಲನ್ನು ಉಳಿದಿಬ್ಬರು ಮುಂದುವರಿಸುತ್ತ, ಒಕ್ಕದ, ಎಂದರೆ ಮನೆತನದ, ಹೆಸರನ್ನೂ ನಾಡಿನ ಕೀರ್ತಿಯನ್ನೂ ವಧೂವರರ ಶುಭವನ್ನೂ ಹಾಡುವ ಪದ್ಧತಿಯಲ್ಲಿ ಮಾತೇ ಪ್ರಾಣ, ಧಾಟಿ ಅದರ ವಾಹನ. ಮಾತನ್ನು ತೆಗೆದರೆ ಇಂತಹ ಹಾಡು ಯಾರ ಮದುವೆಗೂ ಸಲ್ಲದು. 1924ರಲ್ಲಿ, ಶಾರ್ಪನು ತೀರಿಕೊಂಡ ವರ್ಷದಲ್ಲಿಯೇ, ನಡಿಕೇರಿಯಂಡ ಚಿಣ್ಣಪ್ಪನವರು ಮನೆಮನೆಯ ವೃದ್ಧರ ಬಾಯಿಂದ ಆಯ್ದುಕೊಂಡ ಹಾಡು, ಗಾದೆ, ಆಚಾರಗಳನ್ನು ಕನ್ನಡ ಲಿಪಿಯಲ್ಲಿ ‘ಪಟ್ಟೋಲೆ ಪಳಮೆ’ಯೆಂದು ಪ್ರಕಟಿಸಿದಾಗ ರಕ್ಷಿತವಾದುದು ಆ ಮಾತಿನ ಭಂಡಾರವೇ.

ಆದರೆ ಆ ರಕ್ಷಣೆಯ ಭಾಗ್ಯ ಕೊಂಬು ಕೊಟ್ಟುಗಳಿಗೆ ಬರಲಿಲ್ಲ. ಅವುಗಳನ್ನು ಬಾಜಿಸಿದವರು ಬಹುಮಟ್ಟಿಗೆ ಕೆಂಬಟ್ಟಿ, ಮೇದ ಮೊದಲಾದ ಸಮುದಾಯಗಳವರು. ಭೂಮಿಯ ಒಡೆತನವಾಗಲಿ ಮನೆತನದ ಮೂಲಮನೆಯಾದ ಐನ್‌ಮನೆಯ ಗೌರವವಾಗಲಿ ಇಲ್ಲದೆ, ಪರರ ಉತ್ಸವಗಳಿಗೆ ಉಸಿರು ತೆತ್ತವರು. ಒಕ್ಕಗಳ ಹೆಸರು ಹಾಡಿನಲ್ಲಿ ಉಳಿದಂತೆ ಅವರ ಹೆಸರುಗಳು ಉಳಿಯಲಿಲ್ಲ. ಯಾವ ಸಂದರ್ಭಕ್ಕೆ ಯಾವ ಪೆಟ್ಟು, ಯಾವ ಊದು ಎಂಬ ಶಾಸ್ತ್ರವೂ ತಂದೆಯಿಂದ ಮಗನಿಗೆ, ಲಿಪಿಯ ನೆರವಿಲ್ಲದೆ, ಕೈಯಿಂದ ಕೈಗೆ ಇಳಿದುಬಂದಿತು.

ಗಾಳಿಬೀಡಿನಲ್ಲಿ ಇಂದು ಜವಾಹರ ನವೋದಯ ವಿದ್ಯಾಲಯವಿದೆ. ಅಲ್ಲಿಯೋ ಮತ್ತೆಲ್ಲಿಯೋ ಒಬ್ಬ ಉತ್ಸಾಹಿಯು ಕೊಡಗಿನ ಹಾಡೊಂದನ್ನು ಬ್ಯಾಂಡಿಗೆ ಅಳವಡಿಸಲೆಳಸಿದರೆ, ಇಂಗ್ಲಿಷರ ಕೌಶಲವನ್ನು ಕಲಿತು ಅವರ ನಷ್ಟವನ್ನು ತಪ್ಪಿಸಿಕೊಳ್ಳುವುದು ಅವನಿಗೆ ಅಸಾಧ್ಯವೇನಲ್ಲ. ಸಾಲನ್ನು ಕಂಠಕ್ಕೇ ಬಿಟ್ಟು, ಸಾಲು ಸಾಲಿನ ನಡುವಣ ತೆರಪಿನಲ್ಲಿ ಹಿತ್ತಾಳೆಗೆ ಕೊಂಬಿನ ಅಧಿಕಾರವನ್ನು ಕೊಟ್ಟು, ತಾಳವನ್ನು ದುಡಿಯ ನಡೆಗೆ ಕಟ್ಟಿಡಲಿ. ಆದರೆ ಅದಕ್ಕೆ ಮೊದಲು ಇಂದಿಗೂ ಊದುವವರ, ಬಡಿಯುವವರ ಬಳಿಗೆ ಹೋಗಿ ಶಿಷ್ಯನಾಗಿ ಕುಳಿತು, ಸ್ವರಪತ್ರದ ತಲೆಯ ಮೇಲೆ ತನ್ನ ಹೆಸರಿಗಿಂತ ಮುಂಚೆ ಅವರ ಹೆಸರನ್ನು ಬರೆಯಲಿ.