ಕೃತಕ ಸೊಂಟದ ಕೀಲಿನ ಪಾಲಿಎಥಿಲೀನ್ ಬಟ್ಟಲು: ಹಾನಿಯ ಮೂಲ ಎಲ್ಲಿ?

ಕೃತಕ ಸೊಂಟದ ಕೀಲಿನ ಪ್ಲಾಸ್ಟಿಕ್ ಬಟ್ಟಲು ಹಾಳಾದಾಗ ರೋಗಿಯ ತೂಕ, ವಯಸ್ಸು, ಓಡಾಟಗಳನ್ನು ಮೊದಲು ಹೊಣೆ ಮಾಡುವುದು ರೂಢಿ. ಆದರೆ 1990ರ ದಶಕದ ನಡುವಿನವರೆಗೆ ಬಳಕೆಯಲ್ಲಿದ್ದ ಬಟ್ಟಲುಗಳಲ್ಲಿ ಹಾನಿಯ ಬೀಜ ಅನೇಕ ವೇಳೆ ಅವು ದೇಹ ಸೇರುವ ಮುನ್ನವೇ ಬಿದ್ದಿರುತ್ತಿತ್ತು ಎಂಬುದು ಈ ಲೇಖನದ ವಾದ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಜಾನ್ ಚಾರ್ನ್ಲಿ ಮೊದಲು ಬಳಸಿದ ಟೆಫ್ಲಾನ್, ಘರ್ಷಣೆ ತೀರ ಕಡಿಮೆಯಿದ್ದರೂ, ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. 1962ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ, ಅತಿ ಹೆಚ್ಚಿನ ಅಣುತೂಕದ ಪಾಲಿಎಥಿಲೀನ್ ವರ್ಷಕ್ಕೆ ಸುಮಾರು 0.1 ಮಿ.ಮೀ. ಮಾತ್ರ ಸವೆಯುತ್ತಿತ್ತು. ಅಳತೆ ಅಲ್ಪವೆನಿಸಬಹುದು, ಆದರೆ ಉದುರುವ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನಿಗಿಂತ ಚಿಕ್ಕವು. ಅವನ್ನು ನುಂಗಿ ಕೆರಳಿದ ಭಕ್ಷಕ ಕೋಶಗಳು ಸುತ್ತಲಿನ ಮೂಳೆ ಕರಗಲು ಕಾರಣವಾಗುತ್ತವೆ, ಕೀಲು ಸಡಿಲಗೊಳ್ಳುತ್ತದೆ. ಕೀಲನ್ನು ಮೂಳೆಗೆ ಕೂರಿಸಲು ಬಳಸುವ ಸಿಮೆಂಟೇ ಕಾರಣವೆಂದು ತಿಳಿದು ಈ ಮೂಳೆನಾಶವನ್ನು ಒಂದು ಕಾಲಕ್ಕೆ ‘ಸಿಮೆಂಟ್ ರೋಗ’ ಎಂದೇ ಕರೆದಿದ್ದರು. ಸಿಮೆಂಟ್ ಬಳಸದ ಕೀಲುಗಳಲ್ಲೂ ಅದು ಕಂಡ ಮೇಲೆ ಆ ಹೆಸರು ನಿಲ್ಲಲಿಲ್ಲ.

ದೇಹ ಸೇರುವ ಮುನ್ನವೇ ಹಾನಿ ಶುರುವಾಗುತ್ತಿದ್ದದ್ದು ಕ್ರಿಮಿಶುದ್ಧಿಯ ಹಂತದಲ್ಲಿ. ಆಗ ಬಟ್ಟಲುಗಳನ್ನು ಗಾಳಿ ತುಂಬಿದ ಪೊಟ್ಟಣದಲ್ಲಿಟ್ಟು 25ರಿಂದ 40 ಕಿಲೋಗ್ರೇ ಗಾಮಾ ಕಿರಣದಿಂದ ಕ್ರಿಮಿಶುದ್ಧಿ ಮಾಡುತ್ತಿದ್ದರು. ಕಿರಣ ಅಣುಸರಪಳಿಯನ್ನು ಕಡಿದಾಗ ಮುಕ್ತ ರ್‍ಯಾಡಿಕಲ್‌ಗಳು ಉಳಿಯುತ್ತವೆ. ಆಮ್ಲಜನಕ ಅವುಗಳೊಡನೆ ಸೇರಿ ಸರಪಳಿಯನ್ನು ಇನ್ನಷ್ಟು ತುಂಡರಿಸುತ್ತದೆ, ವರ್ಷಗಳು ಕಳೆದಂತೆ ವಸ್ತು ಪೆಡಸಾಗುತ್ತದೆ. ಮೇಲ್ಮೈಯ ಕೆಳಗೆ ಒಂದೆರಡು ಮಿ.ಮೀ. ಆಳದಲ್ಲಿ ಇದು ತೀವ್ರ. ತೆಳುವಾಗಿ ಸೀಳಿ ನೋಡಿದರೆ ಅಲ್ಲಿ ಬಿಳಿ ಪಟ್ಟಿ ಕಾಣುತ್ತದೆ. ಯಾವ ರೋಗಿಗೂ ಜೋಡಿಸದೆ ಕಪಾಟಿನಲ್ಲೇ ವರ್ಷಗಟ್ಟಲೆ ಉಳಿದ ಬಿಡಿಭಾಗಗಳಲ್ಲೂ ಅದೇ ಪಟ್ಟಿ ಸಿಕ್ಕಿದೆ. ಅವುಗಳ ಮೇಲೆ ಯಾರೂ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಈ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ನನಗೆ ಕಾಣುವುದಿಲ್ಲ.

ಹಾಗಿದ್ದರೆ ಕಿರಣವನ್ನೇ ಕೈಬಿಟ್ಟು ಅನಿಲದಿಂದ ಶುದ್ಧಿ ಮಾಡಿದರೆ ಸಾಲದೇ ಎಂಬ ಆಕ್ಷೇಪ ಏಳುತ್ತದೆ. ಸಾಲದು. ಅನಿಲ ಬಳಸಿದಾಗ ಬಿಳಿ ಪಟ್ಟಿ ಮೂಡದಿದ್ದರೂ ಸವೆತ ಕಡಿಮೆಯಾಗುವುದಿಲ್ಲ, ಏಕೆಂದರೆ ಸರಪಳಿಗಳ ನಡುವೆ ಸವೆತವನ್ನು ತಡೆಯುವ ಅಡ್ಡಬಂಧಗಳನ್ನು ಹೆಣೆಯುವುದೂ ಕಿರಣವೇ. ದೋಷವಿದ್ದದ್ದು ಉಳಿದ ರ್‍ಯಾಡಿಕಲ್‌ಗಳಿಗೆ ಆಮ್ಲಜನಕ ಸಿಕ್ಕಿದ್ದರಲ್ಲಿ. ಹೆಚ್ಚು ಕಿರಣ ಹಾಯಿಸಿ, ಬಳಿಕ ಕರಗಿಸಿ ರ್‍ಯಾಡಿಕಲ್‌ಗಳನ್ನು ಅಳಿಸಿದ ಹೊಸ ಪಾಲಿಎಥಿಲೀನ್ ಸವೆತವನ್ನು ಬಹಳ ತಗ್ಗಿಸಿದೆ. ಬದಲಿಗೆ ಬಿರುಕನ್ನು ತಡೆಯುವ ಶಕ್ತಿ ಕುಗ್ಗಿದೆ. ಬಟ್ಟಲನ್ನು ತೀರ ಕಡಿದಾಗಿ ಕೂರಿಸಿದಾಗ ತೆಳು ಅಂಚು ಒಡೆದ ಪ್ರಕರಣಗಳಿವೆ. ಶಸ್ತ್ರವೈದ್ಯರ ಕೈಕೆಲಸವೂ ಮುಖ್ಯ ಎಂಬ ಮಾತನ್ನು ಇಲ್ಲಿ ಒಪ್ಪಲೇಬೇಕು; ಆದರೂ ಅದೇ ತಪ್ಪು ಕೋನವನ್ನು ಅಂಚು ಎಷ್ಟು ಕಾಲ ತಾಳಬಲ್ಲದು ಎಂಬುದು ವಸ್ತುವಿನ ಸಂಸ್ಕರಣೆಯನ್ನೂ ಅವಲಂಬಿಸಿದೆ. ಆದ್ದರಿಂದ ಹೊರತೆಗೆದ ಬಟ್ಟಲನ್ನು ಪರೀಕ್ಷಿಸುವಾಗ ರೋಗಿಯ ತೂಕ, ವಯಸ್ಸುಗಳ ಜೊತೆಗೆ ಶುದ್ಧಿಯ ವಿಧಾನ, ಪೊಟ್ಟಣದ ಬಗೆ, ಜೋಡಿಸುವ ಮುನ್ನ ಕಪಾಟಿನಲ್ಲಿ ಕಳೆದ ಅವಧಿಗಳನ್ನೂ ದಾಖಲಿಸಬೇಕು.