ಅಮೆರಿಕದ ಯುದ್ಧ, ಧಾರವಾಡದ ಹತ್ತಿ ಮತ್ತು ಒಂದಿಷ್ಟು ಹಳೇ ಕಾಗದ

ಅಮೆರಿಕದ ಇತಿಹಾಸಕ್ಕೂ ನಮ್ಮ ಅಮ್ಮಿನಬಾವಿಗೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಒಂದೇ ಪದದ ಉತ್ತರ ಇದೆ: ಹತ್ತಿ. ಧಾರವಾಡದಿಂದ ಸವದತ್ತಿ ರಸ್ತೆ ಹಿಡಿದರೆ ಸಿಗುವ ಊರು ನಮ್ಮದು. ಈ ಕಡೆಯ ಎರೆ ಸೀಮೆಯ ಹತ್ತಿಗೆ 19ನೇ ಶತಮಾನದ ಪೇಟೆಯಲ್ಲಿ 'ಧಾರವಾರ್ ಅಮೆರಿಕನ್' ಅಂತ ಒಂದು ಹೆಸರೇ ಇತ್ತು!

ಕತೆ ಚಿಕ್ಕದಾಗಿ ಹೇಳಿಬಿಡ್ತೀನಿ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಕರೆಸಿತು. ಅವರಲ್ಲಿ ಮರ್ಸರ್ ಎಂಬಾತ ನಮ್ಮ ಜಿಲ್ಲೆಗೆ ಬಂದ. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಶುರುವಾಯಿತು. ನ್ಯೂ ಆರ್ಲಿಯನ್ಸ್ ಬೀಜ ಬೇರೆ ಕಡೆ ಹೆಚ್ಚು ಕೈ ಹಿಡಿಯಲಿಲ್ಲ, ಆದರೆ ಧಾರವಾಡದ ಮಣ್ಣಿಗೆ ಒಗ್ಗಿಕೊಂಡಿತು. ಇಪ್ಪತ್ತು ವರ್ಷದ ನಂತರ, 1861ರ ಏಪ್ರಿಲ್ 19ರಂದು, ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಘೋಷಿಸಿದ. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಭಾಗ ಅಲ್ಲಿಂದಲೇ ಹೋಗುತ್ತಿತ್ತು. ಅದು ನಿಂತ ಕೂಡಲೇ ಎಲ್ಲರ ಕಣ್ಣು ನಮ್ಮ ಕಡೆ ತಿರುಗಿತು. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತಲ್ಲ, ಕಾರವಾರ ಬಂದರಿನ ಮೂಲಕ ಧಾರವಾಡದ ಹತ್ತಿ ಸಾಗಿಸುವ ಆಸೆಯೇ ಅದಕ್ಕೊಂದು ಮುಖ್ಯ ಕಾರಣ. 1865ರಲ್ಲಿ ಯುದ್ಧ ಮುಗಿಯಿತು, ದರ ಬಿತ್ತು, ಮುಂಬೈಯ ಷೇರು ಪೇಟೆಯೂ ಮುಗ್ಗರಿಸಿತು.

ಇದೆಲ್ಲ ಪುಸ್ತಕಗಳಲ್ಲಿ ಸಿಗುತ್ತೆ. ನನಗೆ ಬೇಕಾಗಿದ್ದು ಮೂಲ ದಾಖಲೆ, ಅಂದರೆ ಕಂಡವರು, ಅನುಭವಿಸಿದವರು ತಾವೇ ಹೇಳಿದ್ದು. ಮನೆಯಲ್ಲೇ ಕೂತು ಎಷ್ಟು ಸಿಗುತ್ತೆ ನೋಡೋಣ ಅಂತ ಹೊರಟೆ.

ಮೊದಲು ಎಲ್ಲರೂ ತಲುಪುವುದು ಬಾಂಬೆ ಗೆಜೆಟಿಯರಿನ 22ನೇ ಸಂಪುಟಕ್ಕೆ, ಅದೇ ಧಾರವಾಡದ್ದು. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಇದೆ. ಒಳ್ಳೇ ಪುಸ್ತಕ, ಆದರೆ ಅಚ್ಚಾದದ್ದು 1884ರಲ್ಲಿ, ಯುದ್ಧ ಮುಗಿದು ಹತ್ತೊಂಬತ್ತು ವರ್ಷ ಆದಮೇಲೆ. ಅದಕ್ಕಿಂತ ಹಿಂದೆ ಹೋಗಬೇಕು ಅಂದರೆ ರಾಯ್ಲ್‌ನ 1851ರ ಪುಸ್ತಕ, ಸರ್ಕಾರಿ ಕಡತಗಳನ್ನು ಇಟ್ಟುಕೊಂಡು ಕ್ಯಾಸೆಲ್ಸ್ 1862ರಲ್ಲಿ ಬರೆದ ಪುಸ್ತಕ, ಮತ್ತೆ ಬ್ರಿಟಿಷ್ ಸಂಸತ್ತಿನ ಚರ್ಚೆಗಳಿರುವ ಹ್ಯಾನ್ಸಾರ್ಡ್ ನೋಡಿ.

ಹುಡುಕುವಾಗ ಒಂದು ಕಿವಿಮಾತು. ಇಂಗ್ಲಿಷಿನಲ್ಲಿ 'ಧಾರವಾಡ' ಅಂತ ಟೈಪಿಸಿದರೆ ಹೆಚ್ಚೇನೂ ಬರಲ್ಲ. 'ಧಾರವಾರ್' ಅಂತ ಕೊನೆಗೆ 'ಆರ್' ಹಾಕಿ. ಕಪಾಸ್ ಅನ್ನೋದು ಅವರ ಕೈಯಲ್ಲಿ 'ಕುಪಾಸ್' ಆಗಿರುತ್ತೆ. ಹಳೇ ಅಚ್ಚಿನ ಅಕ್ಷರಗಳನ್ನು ಯಂತ್ರ ಓದುವಾಗ ಊರ ಹೆಸರುಗಳನ್ನು ಪೂರ್ತಿ ಕೆಡಿಸಿರುತ್ತೆ. ನಾನು ಬರೀ ಪಠ್ಯ ಇರುವ ಫೈಲು ಇಳಿಸಿಕೊಂಡು, ಹೆಸರಿನ ಅರ್ಧ ಭಾಗ ಮಾತ್ರ ಕೊಟ್ಟು ಗ್ರೆಪ್ ಹೊಡೀತೀನಿ. ಆಫೀಸಿನ ವಿದ್ಯೆ ಇದಕ್ಕಾದರೂ ಬಂತಲ್ಲ :)

ಈಗ ಸಮುದ್ರದ ಆ ಕಡೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಲಿಂಕನ್ನನ ಕಾಗದಪತ್ರಗಳಿವೆ, ಆ ಕಾಲದ ಪತ್ರಿಕೆಗಳಿವೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಇನ್ನೊಂದು ಸಂಗ್ರಹ. 1936ರಿಂದ 1938ರವರೆಗೆ ಸರ್ಕಾರದ ಯೋಜನೆಯೊಂದರಲ್ಲಿ ಬರಹಗಾರರು ಊರೂರು ತಿರುಗಿ, ಹಿಂದೆ ಗುಲಾಮರಾಗಿದ್ದ ಮುದುಕ ಮುದುಕಿಯರನ್ನು ಮಾತಾಡಿಸಿದರು. 2,300ಕ್ಕೂ ಹೆಚ್ಚು ಹೇಳಿಕೆಗಳು, 500ರಷ್ಟು ಫೋಟೋಗಳು. ಕೇಳಿದವರಲ್ಲಿ ಹೆಚ್ಚಿನವರು ಬಿಳಿಯರು, ಹೇಳಿದ್ದು ಎಪ್ಪತ್ತು ವರ್ಷದ ಹಿಂದಿನ ನೆನಪು. ಹಾಗಾಗಿ ಹುಷಾರಾಗಿ ಓದಬೇಕು, ನಿಜ. ಆದರೂ ಹತ್ತಿ ಬಿಡಿಸಿದ ಕೈಯ ಮಾತು ಅಲ್ಲಿದೆ.

ನಮ್ಮ ಕಡೆ? ಅದೇ ಹತ್ತಿ, ಅದೇ ಯುದ್ಧ. ಕಲೆಕ್ಟರನ ಮಾತಿದೆ, ಮ್ಯಾಂಚೆಸ್ಟರಿನ ವ್ಯಾಪಾರಿಯ ಮಾತಿದೆ. ರೈತ ಆ ಕಾಗದಗಳಲ್ಲಿ ಬರುವುದು ಬಹುಪಾಲು ಇನ್ನೊಬ್ಬರ ಬಾಯಲ್ಲಿ. ಹತ್ತಿಯಲ್ಲಿ ಕಲಬೆರಕೆ ಆಗ್ತಿದೆ ಅಂತ ದೂರು ಬಂದು, 1863ರಲ್ಲಿ ಮುಂಬೈ ಸರ್ಕಾರ ಹತ್ತಿ ಮೋಸ ತಡೆಯಲು ಕಾಯ್ದೆಯನ್ನೇ ತಂದಿತು. ದೂರಿದವರ ಪತ್ರಗಳು ಅಚ್ಚಾಗಿವೆ. ಹತ್ತಿ ಮಾರಿದವನ ಕೈಗೆ ಎಷ್ಟು ಬಂತು, ದರ ಬಿದ್ದ ವರ್ಷ ಸಾಹುಕಾರನಿಗೆ ಎಷ್ಟು ಬಾಕಿ ಉಳಿಯಿತು, ಇದನ್ನು ರೈತನ ಬಾಯಿಂದ ಕೇಳಿ ಬರೆದುಕೊಂಡ ಒಂದು ಪುಟವೂ ನನಗೆ ಅಂತರ್ಜಾಲದಲ್ಲಿ ಸಿಕ್ಕಿಲ್ಲ.

ಲೆಕ್ಕ ಬರೆದಿಡುವ ಪದ್ಧತಿ ನಮ್ಮಲ್ಲೂ ಇತ್ತಲ್ಲ. ಮೋಡಿ ಲಿಪಿಯ ದಫ್ತರಗಳು, ಅಂಗಡಿಯ ಖಾತೆ ಪುಸ್ತಕಗಳು, ಭೋಗ್ಯಪತ್ರಗಳು ಟ್ರಂಕಿನೊಳಗೆ, ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿವೆ. ಮೋಡಿ ಓದಬಲ್ಲವರೂ ಕಡಿಮೆ ಆಗ್ತಿದ್ದಾರೆ.

ಅದಕ್ಕೇ ನಿಮ್ಮಲ್ಲೊಂದು ವಿನಂತಿ. ಈ ಸಲ ಊರಿಗೆ ಹೋದಾಗ ಹಿರಿಯರ ಒಪ್ಪಿಗೆ ಪಡೆದು ಅಂಥ ಕಾಗದಗಳ ಫೋಟೋ ತೆಗೆಯಿರಿ. ಬಿಸಿಲಿಗೆ ಹಿಡಿಯಬೇಡಿ, ಕಿಟಕಿ ಪಕ್ಕದ ಬೆಳಕು ಸಾಕು. ಯಾವ ಊರು, ಯಾರ ಮನೆ, ಯಾವ ಇಸವಿ ಅಂತ ಬರೆದಿಡಿ. ಮನೆಯವರು ಹೂಂ ಅಂದರೆ ಆರ್ಕೈವ್ ಡಾಟ್ ಆರ್ಗ್‌ಗೆ ಏರಿಸಿ, ಶೀರ್ಷಿಕೆಯಲ್ಲಿ ಊರ ಹೆಸರು ಯೂನಿಕೋಡ್ ಕನ್ನಡದಲ್ಲೇ ಇರಲಿ. ಓದೋಕೆ ಬರದಿದ್ದರೂ ಪರವಾಗಿಲ್ಲ, ಓದುವವರು ಮುಂದೆ ಸಿಗಬಹುದು. ಕಾಗದ ಹೋದರೆ ಮಾತ್ರ ಹೋದಂತೆಯೇ.