ಸಪ್ಪಳವಿಲ್ಲದ ಮೆಟ್ಟು

ಬೇಸಿಗೆ ಬಂತೆಂದರೆ ನಮ್ಮ ಹೆಗ್ಗರಣೆ ಸೀಮೆಯ ಬೆಟ್ಟಕ್ಕೆ ಬಾಯಿ ಬರುತ್ತದೆ. ಮಳೆಗಾಲದಲ್ಲಿ ದನ ನಡೆದರೂ ಕೇಳದ ನೆಲ, ಮಾಘ ಕಳೆಯುವುದರೊಳಗೆ ಒಣ ಎಲೆ ಹೊದ್ದು, ಓತಿಕ್ಯಾತ ಓಡಿದರೂ ವರದಿ ಕೊಡತೊಡಗುತ್ತದೆ. ಮತ್ತಿ, ನಂದಿ, ಹೊನ್ನೆ ಎಲ್ಲ ಎಲೆ ಉದುರಿಸುತ್ತವೆ. ಸಾಗವಾನಿಯ ಎಲೆಯಂತೂ ಬಿಸಿಲಿಗೆ ಹಾಕಿದ ಹಲಸಿನ ಹಪ್ಪಳದ ಹಾಗೆ, ಕಾಲಿಟ್ಟರೆ ಚೂರು ಚೂರು. ಮಂಗಟ್ಟೆ ಹಕ್ಕಿ ಮರದ ಪೊಟರೆಯಲ್ಲಿ ಗೂಡು ಕಟ್ಟುವುದೂ ಇದೇ ಕಾಲದಲ್ಲಿ. ಹೆಣ್ಣು ಒಳಗೆ ಸೇರಿ, ಕೊಕ್ಕು ತೂರುವಷ್ಟು ಸೀಳು ಉಳಿಸಿ, ಬಾಗಿಲು ಮೆತ್ತಿಕೊಳ್ಳುತ್ತದೆ. ಗಂಡು ಹಣ್ಣು ತಂದು ಆ ಸೀಳಿನಲ್ಲೇ ಉಣಿಸಬೇಕು. ಮರದ ಬುಡದಲ್ಲಿ ಕಾಲಸಪ್ಪಳವಾದರೆ ಗಂಡು ಹತ್ತಿರ ಬರಲು ಅಂಜುತ್ತದೆ, ಒಳಗಿದ್ದವಳು ಕಾಯುತ್ತಾಳೆ. ಆದ್ದರಿಂದ ಬೇಸಿಗೆಯಲ್ಲಿ ಕಾಡು ನೋಡಲು ಹೊರಟವರು ಕಾಲಿಗೆ ಏನು ಮೆಟ್ಟಬೇಕು ಎನ್ನುವುದು ಸ್ವಲ್ಪ ಕುಳಿತು ಯೋಚಿಸಬೇಕಾದ ಮಾತೇ. ಅದಕ್ಕೊಂದು ಇತಿಹಾಸವಿದೆ. ಆ ಇತಿಹಾಸದೊಳಗೆ ನಮ್ಮ ಅಜ್ಜಿಯಂದಿರ ಬರಿಗಾಲೂ ಇದೆ.

ಸದ್ದಿಲ್ಲದೆ ನಡೆಯುವ ವಿದ್ಯೆಯನ್ನು ಶಿಕಾರಿಯವರದೇ ಎಂದುಕೊಂಡಿದ್ದೇವೆ. ಕೋವಿ ಹಿಡಿದು ಹೋಗುತ್ತಿದ್ದ ಹಿರಿಯರು ಕಾಡಿನಂಚಿನಲ್ಲಿ ಮೆಟ್ಟು ಬಿಟ್ಟು, ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದರಂತೆ. ಪಾದದ ಹೊರಬದಿಯನ್ನು ಮೊದಲು ನೆಲಕ್ಕೆ ತಾಗಿಸಬೇಕು. ಅಡಿಯಲ್ಲಿ ಕಡ್ಡಿ ಇದೆಯೋ ಕಲ್ಲಿದೆಯೋ ಎಂದು ತಿಳಿದ ಮೇಲೆ ಮೈಭಾರ ಬಿಡಬೇಕು. ಕಡ್ಡಿ ತಾಗಿದರೆ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಅಂಗಾಲಿಗೂ ಕಣ್ಣುಂಟು ಎಂದು ನಮ್ಮ ಕಡೆ ಹೇಳುವುದು ಇದಕ್ಕೇ. ದಪ್ಪ ಅಟ್ಟೆಯ ಮೆಟ್ಟು ಹಾಕಿದರೆ ಆ ಕಣ್ಣಿಗೆ ಬಟ್ಟೆ ಕಟ್ಟಿದಂತೆ.

ಆದರೆ ಇದೇ ಪಾಠ ನನಗೆ ಸಿಕ್ಕಿದ್ದು ಅಮ್ಮಮ್ಮನಿಂದ. ಕೋವಿಯನ್ನು ಕೈಯಲ್ಲಿ ಮುಟ್ಟಿದವಳಲ್ಲ ಅವಳು. "ಕಾಲು ಊರಡ ಕೂಸೆ, ಇಡು" ಎನ್ನುತ್ತಿದ್ದಳು. ಅವಳ ಕಾಲದಲ್ಲಿ ಸೊಸೆಯ ಹೆಜ್ಜೆ ಒಳಗಿನಿಂದ ಜಗಲಿಗೆ ಕೇಳಬಾರದಿತ್ತು. ಶಿಕಾರಿಯವನ ಸದ್ದಿಲ್ಲದ ನಡಿಗೆಯನ್ನು ಜಾಣತನವೆಂದು ಕತೆ ಮಾಡಿ ಹೇಳಿದರು. ಹೆಂಗಸಿನ ಸದ್ದಿಲ್ಲದ ನಡಿಗೆಯನ್ನು ಮರ್ಯಾದೆ ಎಂದು ಕರೆದು ಸುಮ್ಮನಾದರು. ಕಾಲು ಮಾತ್ರ ಇಬ್ಬರದೂ ಬರಿಗಾಲೇ.

ಕಾಡಿನ ಸದ್ದನ್ನು ತಗ್ಗಿಸಿದವರೂ ಹೆಂಗಸರೇ ಎಂದರೆ ನಗಬೇಡಿ. ಉದುರಿದ ಒಣ ಎಲೆಗೆ ನಮ್ಮಲ್ಲಿ ದರಕು ಎನ್ನುತ್ತಾರೆ. ಅಡಿಕೆ ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟದಲ್ಲಿ ಬೇಸಿಗೆ ಪೂರ್ತಿ ದರಕು ಗುಡಿಸಿ, ಹೆಡಗೆಗೆ ತುಂಬಿ, ಕೊಟ್ಟಿಗೆಗೆ ಹೊತ್ತು ತರುತ್ತಿದ್ದ ಹೆಂಗಸರನ್ನು ನೀವೂ ನೋಡಿರುತ್ತೀರಿ. ದನದ ಕಾಲಡಿಗೆ ಹಾಸಿದ ದರಕು ಗೊಬ್ಬರವಾಗಿ ತೋಟ ಸೇರುತ್ತದೆ. ಗುಡಿಸಿದ ಬೆಟ್ಟದಲ್ಲಿ ನಡೆದರೆ ಸಪ್ಪಳ ಅರ್ಧಕ್ಕರ್ಧ ಕಡಿಮೆ. ಕಾನಿನೊಳಗೆ, ಅಂದರೆ ಎಂದೂ ಎಲೆ ಪೂರ್ತಿ ಉದುರಿಸದ ಹಸಿರು ಕಾಡಿನಲ್ಲಿ, ನೆಲಕ್ಕೆ ಬೇಸಿಗೆಯಲ್ಲೂ ತುಸು ತೇವವಿರುತ್ತದೆ. ಅಲ್ಲಿ ಎಲೆ ಮುರಿಯುವುದಿಲ್ಲ, ಬಾಗುತ್ತದೆ. ದಾರಿ ಆರಿಸಿಕೊಳ್ಳುವುದು ಮೆಟ್ಟು ಆರಿಸುವುದಕ್ಕಿಂತ ಮೊದಲಿನ ಕೆಲಸ.

ಇನ್ನು ಮೆಟ್ಟಿನ ವಿಚಾರ. ಬೇಡನ ಕಾಲಲ್ಲಿ ಚರ್ಮದ ಮೆಟ್ಟಿತ್ತು ಎನ್ನುವುದು ನಮ್ಮ ಹಳೆಯ ನೆನಪು. ಕಣ್ಣಪ್ಪನ ಕತೆ ಯಾರಿಗೆ ತಿಳಿಯದು? 1954ರಲ್ಲಿ ರಾಜ್‌ಕುಮಾರ್ 'ಬೇಡರ ಕಣ್ಣಪ್ಪ'ನಾಗಿ ತೆರೆಗೆ ಬಂದ ಮೇಲಂತೂ ಅದು ಮನೆಮಾತಾಯಿತು. ಶಂಕರರ ಹೆಸರಿನಲ್ಲಿರುವ 'ಶಿವಾನಂದಲಹರಿ'ಯಲ್ಲಿ ಕಣ್ಣಪ್ಪನ ಭಕ್ತಿಯನ್ನು ಹೇಳುವ ಶ್ಲೋಕ ಆರಂಭವಾಗುವುದೇ ದಾರಿ ನಡೆದು ಸವೆದ ಅವನ ಪಾದುಕೆಯಿಂದ. ಕಾಡಿನಲ್ಲಿ ಅಲೆಯುವವನ ಮೆಟ್ಟು ಸವೆದಷ್ಟೂ ಮೆತ್ತಗಾಗುತ್ತದೆ, ಮೆತ್ತಗಾದಷ್ಟೂ ಸದ್ದು ಕಡಿಮೆ. ಅಮೆರಿಕದ ಮೂಲನಿವಾಸಿಗಳು ಜಿಂಕೆಯ ಹದಮಾಡಿದ ಚರ್ಮದಲ್ಲಿ ಹೊಲಿದುಕೊಳ್ಳುತ್ತಿದ್ದ ಮೊಕ್ಯಾಸಿನ್ ಕೂಡ ಇದೇ ತತ್ತ್ವದ್ದು. ತೆಳ್ಳಗೆ, ಹಗುರ, ಪಾದದ ಜೊತೆಗೇ ಬಾಗುವಂಥದು.

ಊರೊಳಗಿನ ಮೆಟ್ಟಿನ ರೀತಿ ಬೇರೆ. ಅಲ್ಲಿ ಸದ್ದೇ ದೊಡ್ಡಸ್ತಿಕೆ. ಬೆಳಗಾವಿ ಕಡೆಯಲ್ಲೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿಯಲ್ಲಿ ಅಟ್ಟೆಗಳ ನಡುವೆ ಬೀಜವಿಟ್ಟು ಹೊಲಿಯುವ ಪದ್ಧತಿಯುಂಟು. ಯಜಮಾನರು ಬರುವುದು 'ಕರ್ರ್ ಕರ್ರ್' ಎಂದು ಓಣಿಗೆಲ್ಲ ಕೇಳಬೇಕು! ಮರದ ಹಾವುಗೆಯ ಟಕ್ ಟಕ್ ಕೇಳಿದೊಡನೆ ಒಳಗಿನವರು ಎದ್ದು ನಿಲ್ಲುತ್ತಿದ್ದರು. ಬ್ರಿಟಿಷರ ಕಾಲದ ಅರಣ್ಯ ಕಾನೂನು ಬಂದ ಮೇಲೆ ಗಾರ್ಡಿನ ಬೂಟಿನ ಸಪ್ಪಳವೂ ಕಾಡಿಗೆ ಬಂತು. ಕಟ್ಟಿಗೆಗೆ ಹೋದವರು ಆ ಸಪ್ಪಳ ಕೇಳಿ ಹಿಂಡಿನ ಸಂದಿಯಲ್ಲಿ ಅವಿತು ಕೂತ ಕತೆಗಳು ಮನೆಮನೆಯಲ್ಲಿವೆ. ಸದ್ದು ಮಾಡುವ ಹಕ್ಕು ಯಾರದು ಎಂದು ಕೇಳಿದರೆ ಅಧಿಕಾರ ಯಾರದು ಎಂದು ತಿಳಿಯುತ್ತದೆ.

ಸದ್ದಿಲ್ಲದ ಮೆಟ್ಟನ್ನು ಜಗತ್ತಿಗೆಲ್ಲ ಅಗ್ಗವಾಗಿ ಕೊಟ್ಟದ್ದು ರಬ್ಬರು. ರಬ್ಬರನ್ನು ಗಂಧಕದ ಜೊತೆ ಕಾಯಿಸಿದರೆ ಅದು ಬಿಸಿಲಿಗೆ ಅಂಟಾಗದೆ, ಚಳಿಗೆ ಸೆಟೆಯದೆ ಉಳಿಯುತ್ತದೆ ಎಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಆ ಶತಮಾನ ಮುಗಿಯುವುದರೊಳಗೆ ಮೇಲೆ ಕ್ಯಾನ್ವಾಸ್, ಕೆಳಗೆ ರಬ್ಬರ್ ಅಟ್ಟೆಯ ಬೂಟು ಮಾರುಕಟ್ಟೆಗೆ ಬಂದಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ 'ಸ್ನೀಕರ್' ಎಂಬ ಹೆಸರು ಬಿದ್ದುದು ಅದನ್ನು ಮೆಟ್ಟಿದವನು ಕಳ್ಳಹೆಜ್ಜೆ ಹಾಕಬಹುದು ಎಂಬ ಕಾರಣಕ್ಕೇ. ಜಪಾನಿನ ಶೋಜಿರೊ ಇಶಿಬಾಶಿ 1923ರಲ್ಲಿ ಹೆಬ್ಬೆರಳು ಬೇರೆ, ಉಳಿದ ಬೆರಳು ಬೇರೆ ಇರುವ ಕಾಲುಚೀಲದಂಥ ಬೂಟಿಗೆ ರಬ್ಬರ್ ಅಟ್ಟೆ ಅಂಟಿಸಿ ಕೂಲಿಯವರಿಗಾಗಿ ಮಾರಿದರು. ಮುಂದೆ ಬ್ರಿಡ್ಜ್‌ಸ್ಟೋನ್ ಟೈರು ಕಂಪನಿ ಕಟ್ಟಿದವರು ಅವರೇ. ನಮ್ಮ ದೇಶದಲ್ಲಿ ಬಾಟಾ ಕಂಪನಿ 1931ರಲ್ಲಿ ಕಲ್ಕತ್ತೆಯ ಹತ್ತಿರ ಕೆಲಸ ಆರಂಭಿಸಿತು. ಕ್ಯಾನ್ವಾಸ್ ಬೂಟು ಶಾಲೆಯ ಪಿ.ಟಿ. ಮೈದಾನದ ತನಕ ಬಂದದ್ದು ಅದರ ನಂತರ.

ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಮತ್ತು ಜಿಮ್ ಕಾರ್ಬೆಟ್ ಕತೆಗಳನ್ನು ಓದದ ಮನೆ ಮಲೆನಾಡಿನಲ್ಲಿ ಕಡಿಮೆ. ಆ ಇಬ್ಬರು ಬೇಟೆಗಾರರೂ ನರಭಕ್ಷಕನ ಜಾಡು ಹಿಡಿದು ಹೋಗುವಾಗ ರಬ್ಬರ್ ಅಟ್ಟೆಯ ಹಗುರ ಬೂಟನ್ನೇ ನಂಬಿದವರು. ನಾವು ಓದುವಾಗ ಹುಲಿಯನ್ನೇ ನೋಡುತ್ತೇವೆ, ಬೂಟನ್ನು ಯಾರು ನೋಡುತ್ತಾರೆ?

ನಮ್ಮ ಹೆಂಗಸರ ಕಾಲಿಗೆ ಮಾತ್ರ ಬಂದದ್ದು ಹವಾಯಿ ಚಪ್ಪಲಿ. ನಮ್ಮ ಆಯಿ ಮೊದಲು ಕೊಂಡ ಮೆಟ್ಟು ಅದೇ, ನೀಲಿ ಪಟ್ಟಿಯದು. ಪೇಟೆಗೆ ಹೋಗುವಾಗ ಮಾತ್ರ ಅದು ಕಾಲಿಗೆ. ದರಕಿಗೆ, ಸೊಪ್ಪಿಗೆ ಹೋಗುವಾಗ ಬಾಗಿಲ ಹಿಂದೆ. ಸವೆದುಹೋದೀತು ಎಂಬ ಕಾಳಜಿ. ಹಾಗೆ ನೋಡಿದರೆ ಹವಾಯಿ ಕಾಡಿಗೆ ಹೇಳಿಸಿದ್ದೂ ಅಲ್ಲ. ಹೆಜ್ಜೆಗೊಮ್ಮೆ ಹಿಮ್ಮಡಿಗೆ 'ಪಟ್' ಎಂದು ಹೊಡೆಯುತ್ತದೆ, ದರಕನ್ನು ಎತ್ತಿ ಹಿಂದಕ್ಕೆ ಎಸೆಯುತ್ತದೆ, ಇಳಿಜಾರಿನಲ್ಲಿ ಜಾರುತ್ತದೆ.

ಹಾಗಾದರೆ ಬರಿಗಾಲೇ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಅಲ್ಲ. 1957ರಲ್ಲಿ ನಮ್ಮ ಸಿದ್ದಾಪುರಕ್ಕೆ ಹೊಂದಿಕೊಂಡ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಆಮೇಲೆ ಜನ ಜ್ವರ ಹಿಡಿದು ಮಲಗಿದರು. ಮಂಗನ ಕಾಯಿಲೆ ಎಂದು ನಾವು ಕರೆಯುವ ಆ ರೋಗವನ್ನು ಹರಡುವುದು ಉಣುಗು. ಅದರ ಸಾಸಿವೆಗಿಂತ ಚಿಕ್ಕ ಮರಿಗಳು ಚಳಿಗಾಲದಿಂದ ಬೇಸಿಗೆಯವರೆಗೆ ಇದೇ ಒಣ ದರಕಿನಲ್ಲಿ ಕಾದು ಕೂತಿರುತ್ತವೆ. ದರಕು ಗುಡಿಸುವ ಕಾಲವೂ ಅದೇ, ಗುಡಿಸುವವಳ ಕಾಲಿಗೆ ಮೆಟ್ಟಿಲ್ಲದಿರುವುದೂ ಆಗಲೇ. 2024ರ ಬೇಸಿಗೆಯಲ್ಲಿ ನಮ್ಮ ತಾಲ್ಲೂಕಿನಲ್ಲಿಯೇ ಈ ಜ್ವರ ಜನರನ್ನು ಕಾಡಿತು. ಇನ್ನೊಂದಿದೆ: ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನು ಕೊರೆದು ಮೈಸೇರುತ್ತದೆ ಎಂದು ಜರ್ಮನಿಯ ಆರ್ಥರ್ ಲೂಸ್ 1898ರಲ್ಲಿ ಹೇಳಿದ. ಆ ಹುಳು ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ದುಡಿದ ಎಷ್ಟು ಬಾಣಂತಿಯರು ಬಿಳಿಚಿಕೊಂಡು ಮಲಗಿದರೋ! ಬರಿಗಾಲಿನ ನಡಿಗೆಯನ್ನು ಹೊಗಳುವಾಗ ಆ ಲೆಕ್ಕವನ್ನೂ ಜೊತೆಗೇ ಇಟ್ಟುಕೊಳ್ಳಬೇಕು.

ಆದ್ದರಿಂದ ಬೇಕಾದ್ದು ಬರಿಗಾಲಿನಂತೆ ನಡೆದು ಬರಿಗಾಲನ್ನು ಕಾಯುವ ಮೆಟ್ಟು. ಕೊಳ್ಳುವಾಗ ನಾನು ನೋಡುವುದು ಇಷ್ಟು. ಮೇಲ್ಭಾಗ ಕ್ಯಾನ್ವಾಸಿನದಿರಲಿ, ಪಾದವನ್ನು ಪೂರ್ತಿ ಮುಚ್ಚಲಿ. ಗಾಳಿಯಾಡುತ್ತದೆ, ಒದ್ದೆಯಾದರೆ ಬೇಗ ಒಣಗುತ್ತದೆ. ಅಟ್ಟೆ ಮೆತ್ತಗಿನ ರಬ್ಬರಿನದು, ಎರಡು ಕೈಯಲ್ಲಿ ಹಿಡಿದು ಮಡಿಸಿದರೆ ಮಡಿಯಬೇಕು. ಗಟ್ಟಿ ಪ್ಲಾಸ್ಟಿಕ್ಕಿನ ಅಟ್ಟೆ ಕಲ್ಲಿನ ಮೇಲೆ ಟಕ್ ಎನ್ನುತ್ತದೆ. ಕೊಳ್ಳಲು ಸಂಜೆ ಹೋಗಿ. ನಡೆದು ನಡೆದು ಕಾಲು ತುಸು ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಹಿಮ್ಮಡಿ ಒಳಗೆ ಎದ್ದು ಕೂರುವಂತಿದ್ದರೆ ಅದು ಹವಾಯಿಯ ತಂಗಿಯೇ. ಎಳೆದರೆ ಚರ್ರ್ ಎನ್ನುವ ಪಟ್ಟಿ ಬೇಡ, ಲಾಡಿ ಸಾಕು, ಅದರ ತುದಿಯನ್ನು ಒಳಗೆ ಸಿಕ್ಕಿಸಿ. ಉದ್ದ ಹತ್ತಿ ಕಾಲುಚೀಲದೊಳಗೆ ಪಾಯಿಜಾಮ ಸೇರಿಸಿ ಕಟ್ಟಿದರೆ ಉಣುಗಿಗೆ ದಾರಿ ಕಡಿಮೆ; ಆರೋಗ್ಯ ಇಲಾಖೆಯವರು ಕೊಡುವ ಉಣುಗು ನಿವಾರಕ ಎಣ್ಣೆಯನ್ನು ಹಚ್ಚಿಕೊಳ್ಳಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಉಟ್ಟಿದ್ದು ಬಿಸಿನೀರಿಗೆ. ಹೊಸ ಮೆಟ್ಟನ್ನು ಮೊದಲು ಅಂಗಳದಲ್ಲಿ ಹಲಸಿನ ಒಣ ಎಲೆ ಹರವಿ ಅದರ ಮೇಲೆ ನಡೆದು ನೋಡುವುದು ನನ್ನ ಪದ್ಧತಿ. ಹಾಗೆಯೇ ಗಂಜಿ ಹಾಕಿದ ಸೀರೆ, ಗಾಜಿನ ಬಳೆ, ಕಾಲ್ಗೆಜ್ಜೆ ಮನೆಯಲ್ಲಿರಲಿ. ಮೆಟ್ಟು ಸುಮ್ಮನಿದ್ದು ಸೆರಗೇ ಮಾತಾಡಿದರೆ ಏನು ಬಂತು?

1972ರ ವನ್ಯಜೀವಿ ಕಾಯ್ದೆಯ ನಂತರ ಶಿಕಾರಿಯ ಮಾತು ಮುಗಿಯಿತು. ಹಿಂದೆ ಕೊಲ್ಲಲು ಕಲಿತ ಹೆಜ್ಜೆ ಈಗ ನೋಡಲು ಬೇಕಾಗಿದೆ. ಸೋಂದಾದ ಮುಂಡಿಗೆಕೆರೆಯಲ್ಲಿ ಮುಂಡಿಗೆಯ ಹಿಂಡಿನ ಮೇಲೆ ಬೆಳ್ಳಕ್ಕಿಗಳು ಕೂತಿರುತ್ತವೆ. ನಮ್ಮ ಘಟ್ಟದ ಸಿಂಗಳೀಕಗಳಿಗೆಂದು 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶವೇ ಆಗಿದೆ. ಪೇಟೆಯಿಂದ ರಜೆಗೆ ಬಂದ ಮಗಳಂದಿರು, ಸೊಸೆಯಂದಿರು ದುರ್ಬೀನು ಹಿಡಿದು ಹೊರಡುವುದನ್ನು ನೋಡುತ್ತೇನೆ. ಅವರು ಮನೆಯೊಳಗೆ ಧಡಧಡ ನಡೆಯುತ್ತಾರೆ, ಜಗಲಿಯಲ್ಲಿ ಗಟ್ಟಿಯಾಗಿ ನಗುತ್ತಾರೆ. ಕಾಡಿನಂಚು ಬಂದಾಗ ತಾವಾಗಿ ದನಿ ತಗ್ಗಿಸಿ, ಬೂಟಿನ ಲಾಡಿ ಬಿಗಿದು, ಒಬ್ಬರ ಹೆಜ್ಜೆಯ ಮೇಲೆ ಒಬ್ಬರು ಹೆಜ್ಜೆಯಿಡುತ್ತಾರೆ. ಅಮ್ಮಮ್ಮನಿಗೆ ಸಿಗದೆ ಹೋದದ್ದು ಈ ಆಯ್ಕೆ. ಕ್ಯಾನ್ವಾಸ್ ಬೂಟಿನ ಬೆಲೆಗೆ ಅದು ಸಿಗುವುದಾದರೆ, ದರಕು ಗುಡಿಸಲು ಬರುವ ಹೆಂಗಸಿಗೂ ಒಂದು ಜೊತೆ ಕೊಡಿಸಿ ಎಂದು ನಾನು ತೋಟದ ಯಜಮಾನತಿಯರಿಗೆಲ್ಲ ಹೇಳುತ್ತಿರುತ್ತೇನೆ.